ಚೆಲುವಾಜಮ್ಮ ತುಂಬಿದ ಹಾಡು

ಗುಡ್ಡದ ಓಟದ ದಿನ ನಮ್ಮೂರಿನಲ್ಲಿ ಸಂಜೆಯ ತನಕ ಯಾರೂ ಒಲೆ ಹಚ್ಚುವುದಿಲ್ಲ. ಹಿಂದಿನ ದಿನವೇ ಮಂಡಕ್ಕಿ ತಂದು, ಬಾಳೆಹಣ್ಣಿನ ಚಿಪ್ಪು ತೂಗುಹಾಕಿ, ಕುಡಿಯುವ ನೀರು ತುಂಬಿಟ್ಟುಕೊಂಡು ಕೂತುಬಿಡುತ್ತಾರೆ. ಹೊಸದಾಗಿ ಬಂದವರು ಇದೇನೋ ವ್ರತವಿರಬೇಕು ಅಂದುಕೊಳ್ಳುತ್ತಾರೆ. ವ್ರತವೂ ಇಲ್ಲ, ಮಡಿಯೂ ಇಲ್ಲ. ಹಾಲು ಉಕ್ಕೀತು ಅನ್ನುವ ಹೆದರಿಕೆ, ಅಷ್ಟೆ. ಓಡುವವರ ಕಿವಿಗೆ ಹೆಡ್‌ಫೋನ್ ಹಾಕಿರುತ್ತದೆ, ಅದರಲ್ಲಿ ಮನೆಯವರು ತುಂಬಿಕೊಟ್ಟ ಹಾಡು ಇರುತ್ತದೆ. ತುಂಬಿದವರ ಮನಸ್ಸಿನಲ್ಲಿ ಓಡುವವರು ಇರುವ ತನಕ ಹಾಡು ಕೇಳಿಸುತ್ತದೆ, ಮನಸ್ಸು ಅತ್ತಿತ್ತ ಹೋದರೆ ನಿಂತುಹೋಗುತ್ತದೆ. ಹೆಂಡತಿ ಹಾಲು ಉಕ್ಕಿತೆಂದು ಒಲೆಯ ಕಡೆ ಓಡಿದಳೋ, ಅತ್ತ ಗುಡ್ಡದ ಮೇಲೆ ಗಂಡನ ಕಿವಿ ಭಣಭಣ ಅನ್ನುತ್ತದೆ. ಸಂಜೆ ಮನೆಗೆ ಬಂದವನು ಕಾಲಿಗೆ ಬಿಸಿನೀರು ಕೇಳುವುದು ಆಮೇಲೆ, ಮೊದಲು ಕೇಳುವುದು, "ಹನ್ನೊಂದು ಗಂಟೆ ಹೊತ್ತಲ್ಲಿ ಎಲ್ಲಿಗೆ ಹೋಗಿದ್ದೆ?" ಆಕೆ ನಿಜ ಹೇಳಿದರೂ ಅವನು ನಂಬುವುದಿಲ್ಲ. ಈ ಕಾರಣಕ್ಕೆ ಹಬ್ಬದ ತನಕ ಮಾತು ಬಿಟ್ಟುಕೊಂಡ ಮನೆಗಳು ನಮ್ಮ ಬೀದಿಯಲ್ಲೇ ಇವೆ.

ತನ್ನ ಹಾಡನ್ನು ತಾನೇ ತುಂಬಿಕೊಂಡರೆ ಕೇಳುವುದಿಲ್ಲ. ಇನ್ನೊಬ್ಬರೇ ತುಂಬಬೇಕು. ಓಟದ ದಿನ ಬಿಟ್ಟು ಬೇರೆ ದಿನ ಹೆಡ್‌ಫೋನ್ ಹಾಕಿಕೊಂಡು ಪರೀಕ್ಷೆ ಮಾಡುವುದನ್ನು ನಮ್ಮಲ್ಲಿ ಮರ್ಯಾದಸ್ಥರು ಮಾಡುವುದಿಲ್ಲ. ಹೆಂಡತಿ ತವರಿಗೆ ಹೋದಾಗ ಕದ ಹಾಕಿಕೊಂಡು ಕಿವಿಗೆ ಹಚ್ಚಿ ನೋಡಿದವರು ಒಬ್ಬಿಬ್ಬರು ಇದ್ದಾರೆ. ಅವರ ಸಂಸಾರ ಉದ್ಧಾರವಾದದ್ದನ್ನು ನಾನು ಕಾಣೆ.

ನನ್ನ ಹೆಸರು ದೊರೆಸ್ವಾಮಿ. ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸು ಕೂಗುವ ಕೆಲಸ ನನ್ನದು. ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ, ಎಲ್ಲ ನನ್ನ ಬಾಯಿಂದಲೇ ಬರಬೇಕು. ನನ್ನ ಗಂಟಲು ಇಡೀ ಊರಿಗೆ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಒಮ್ಮೆ ಒಬ್ಬ ಹೆಂಗಸು ನನ್ನ ಕೋಣೆಯ ಕಿಟಕಿಗೇ ಬಂದು, "ಇಲ್ಲಿ ಕೂಗ್ತಾರಲ್ಲ, ಅವರು ಎಲ್ಲಿ ಸಿಕ್ತಾರೆ?" ಅಂತ ನನ್ನನ್ನೇ ಕೇಳಿದ್ದಳು. ಊಟಕ್ಕೆ ಹೋಗಿದ್ದಾರೆ ಅಂದೆ. ಇನ್ನೇನು ಹೇಳಲಿ?

ಮದುವೆ ನನಗೆ ಕೂಡಿಬರಲಿಲ್ಲ. ಅಕ್ಕ ಇದ್ದಳು. ಅವಳಿಗೆ ಮದುವೆ ಕೂಡಿಬಂದು ಮುರಿದೂ ಹೋಗಿತ್ತು. ಇಬ್ಬರೂ ಒಂದೇ ಮನೆಯಲ್ಲಿ ಇದ್ದೆವು, ವರ್ಷವರ್ಷವೂ ನನಗೆ ಅವಳೇ ಹಾಡು ತುಂಬುತ್ತಿದ್ದಳು. ಅವಳ ಹಾಡು ಮಧ್ಯಾಹ್ನ ಟೀವಿಯ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ನಿಲ್ಲುತ್ತಿತ್ತು, ಜಾಹೀರಾತು ಬಂದಾಗ ಮತ್ತೆ ಶುರುವಾಗುತ್ತಿತ್ತು. ನಾನು ಅದಕ್ಕೆ ಅವಳನ್ನು ಎಷ್ಟು ರೇಗಿಸಿದ್ದೇನೋ. ಅಕ್ಕ ಹೋದ ಮೇಲಿನ ಓಟದಲ್ಲಿ ಹಳೆಯ ಅಭ್ಯಾಸದಿಂದ ಅವಳು ತುಂಬಿದ್ದನ್ನೇ ಕಿವಿಗೆ ಹಾಕಿಕೊಂಡು ಓಡಿದೆ. ಏನೂ ಕೇಳಲಿಲ್ಲ. ಕೇಳುವುದಿಲ್ಲ ಅಂತ ಗೊತ್ತಿತ್ತು, ಆದರೂ ಸಂಜೆಯವರೆಗೆ ತೆಗೆಯಲಿಲ್ಲ.

ಆಮೇಲೆ ಮುಕುಂದನ ಅಂಗಡಿಯ ಬಾಡಿಗೆ ಹಾಡು. ಮುಕುಂದ ಒಳ್ಳೆಯವನೇ, ಆದರೆ ಅವನು ಊರಿನ ದಿಕ್ಕಿಲ್ಲದವರಿಗೆಲ್ಲ ತುಂಬಬೇಕು. ಬೆಳಿಗ್ಗೆ ಎಲ್ಲರ ಹೆಸರನ್ನೂ ಒಂದು ಸಲ ನೆನೆಸಿಕೊಳ್ಳುತ್ತಾನೆ, ಅಷ್ಟರಲ್ಲಿ ನಾವು ಕೆರೆಯ ಏರಿಯನ್ನು ದಾಟಿರುತ್ತೇವೆ. ಆಮೇಲೆ ಅವನ ಅಂಗಡಿಗೆ ಗಿರಾಕಿ ಬರುತ್ತಾರೆ. ಅವನ ಹಾಡಿನವರೆಲ್ಲ ಒಂದೇ ಜಾಗದಲ್ಲಿ ಕಿವಿ ತಟ್ಟಿಕೊಳ್ಳುವುದನ್ನು ನೋಡಬೇಕು, ಕುರಿಮಂದೆಗೆ ನೊಣ ಮುತ್ತಿದ ಹಾಗೆ.

ಓಟ ಇರುವುದು ಬೆಳಗಿನಿಂದ ಸಂಜೆಯವರೆಗೆ. ಗುಡ್ಡ ಹತ್ತಿ ಇಳಿದು, ಕೆರೆ ಏರಿ ಹಿಡಿದು, ಹಳೆಯ ಸುಣ್ಣದ ಗೂಡುಗಳನ್ನು ದಾಟಿದರೆ ಬೋಳುಬಯಲು. ಅಲ್ಲಿ ಮರವಿಲ್ಲ, ಮನೆಯಿಲ್ಲ, ಒಂದು ನಾಯಿಯೂ ಇಲ್ಲ. ಕಾಲು ಸೋತಿರುತ್ತದೆ, ಮುಂದಿನವನು ಕಾಣುವುದಿಲ್ಲ, ಹಿಂದಿನವನು ಬರುವುದಿಲ್ಲ. ಮನುಷ್ಯನಿಗೆ ಹಾಡು ಬೇಕಾಗುವುದು ಅಲ್ಲೇ. ನಾನು ಎಂದೂ ಗೆದ್ದವನಲ್ಲ, ಗೆಲ್ಲುವ ಆಸೆಯೂ ಇರಲಿಲ್ಲ. ನನಗೆ ಬೇಕಿದ್ದದ್ದು ಆ ಬಯಲಿನಲ್ಲಿ ಕಿವಿಯೊಳಗೆ ಹಾಡು. ಈ ಹೊತ್ತಿನಲ್ಲಿ ಯಾರೋ ಒಬ್ಬರು ನನ್ನನ್ನು ನೆನೆಸಿಕೊಂಡು ಕೂತಿದ್ದಾರೆ ಅಂತ ವರ್ಷಕ್ಕೊಂದು ಸಲವಾದರೂ ಗೊತ್ತಾಗಬೇಕು, ಅಷ್ಟೇ ನನ್ನ ಆಸೆ. ದೊಡ್ಡ ಆಸೆಯಲ್ಲ, ಆದರೆ ಅಂಗಡಿಯಲ್ಲಿ ಸಿಗುವಂಥದ್ದೂ ಅಲ್ಲ ಅಂತ ಮುಕುಂದನಿಂದ ಕಲಿತಿದ್ದೆ.

ಆ ಬಾಡಿಗೆ ಹಾಡೂ ತಪ್ಪಿಹೋಗುವ ಕಾಲ ಬಂತು. ನಮ್ಮ ಹಾಗೆ ಬಾಡಿಗೆ ಹಾಡು ಹಾಕಿಕೊಂಡು ಓಡುತ್ತಿದ್ದ ದರ್ಜಿ ಕೇಶವ ಅನ್ನುವವನು, ಹಾಡಿಲ್ಲದೆ ಬೋಳುಬಯಲಿನಲ್ಲಿ ಕುಸಿದು ಕೂತವನು, ಮಾರನೆಯ ದಿನದವರೆಗೂ ಅಲ್ಲೇ ಕೂತಿದ್ದ. ಒಬ್ಬ ಕಡಿಮೆಯಾಗಿದ್ದಾನೆ ಅಂತ ಯಾರಿಗೂ ಹೊಳೆದಿರಲಿಲ್ಲ. ಓಟದ ಕಮಿಟಿಯವರಿಗೆ ನಾಚಿಕೆಯಾಗಿ ಹೊಸ ಕಾನೂನು ತಂದರು. ಕಮಿಟಿಯ ಕಾರ್ಯದರ್ಶಿ ಸಿದ್ದವೀರಪ್ಪನವರು ಟೀ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ ಹೇಳಿದರು.

"ದೊರೆಸ್ವಾಮಿ, ಬಾಡಿಗೆ ಹಾಡು ಈ ಸಲದಿಂದ ನಡೆಯಲ್ಲ. ನಿನ್ನೋರು ಅಂತ ಒಬ್ರು ಮೈದಾನಕ್ಕೆ ಬಂದು, ಎಲ್ಲಾರ ಎದುರಿಗೆ ನಿನ್ನ ಕಿವಿಗೆ ತಾವೇ ಹಾಕ್ಬೇಕು."

"ನನ್ನೋರು ಅಂದ್ರೆ ಯಾರು ಸಾರ್?"

"ಅದು ನನ್ನ ಕೇಳ್ತೀಯಲ್ಲಪ್ಪ," ಅಂದರು. ಪಾಪ, ಅವರಿಗೂ ಮುಜುಗರವಾಯಿತು. ನನ್ನ ಟೀಯ ಕಾಸನ್ನು ಅವರೇ ಕೊಟ್ಟು ಹೋದರು.

ಕಂಡವರ ಬಾಗಿಲು ತಟ್ಟಿದೆ. ಬಸ್‌ಸ್ಟ್ಯಾಂಡಿನ ಕಂಡಕ್ಟರ್ ಒಬ್ಬ, ದಿನಾ ನನ್ನ ಡಬ್ಬಿಯ ಉಪ್ಪಿನಕಾಯಿ ತಿನ್ನುವವನು, "ಭಾಮೈದ ಓಡ್ತಾನೆ ಕಣಣ್ಣ, ಇಬ್ಬರನ್ನ ಹೆಂಗೆ ನೆನೆಸ್ಕೊಂಡಿರ್ಲಿ? ನನ್ನ ತಲೆ ಅಷ್ಟು ದೊಡ್ಡದಿಲ್ಲ" ಅಂದ. ಚಿಕ್ಕಪ್ಪನ ಸೊಸೆ ಒಬ್ಬಳು ಒಪ್ಪಿಕೊಂಡಳು, ಒಪ್ಪಿಕೊಳ್ಳುವಾಗಲೇ ನನ್ನನ್ನು "ಮಾದಪ್ಪ ಮಾವ" ಅಂತ ಕರೆದಳು. ನಮ್ಮ ವಂಶದಲ್ಲಿ ಮಾದಪ್ಪ ಅನ್ನುವವರೇ ಇಲ್ಲ. ಬೇಡವಮ್ಮ ಅಂತ ಕೈಮುಗಿದು ಬಂದೆ.

ಅವತ್ತು ತಲೆ ಚಿಟ್ಟು ಹಿಡಿದು ಮನೆಗೆ ಬಂದರೆ ನನ್ನ ಬಾಗಿಲ ಮುಂದೆ ಮತ್ತೆ ಸೋಪಿನ ನೀರು. ಪಕ್ಕದ ಮನೆ ಚೆಲುವಾಜಮ್ಮನವರದು. ಹಪ್ಪಳ ಮಾಡಿ ಮಾರುವ ಹೆಂಗಸು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಗಂಡ ತೀರಿಕೊಂಡಿದ್ದಾರೆ, ಮಂಡಿನೋವು ಬರುವ ತನಕ ಅವರೂ ಗುಡ್ಡದ ಓಟ ಓಡುತ್ತಿದ್ದರು. ನಮ್ಮಿಬ್ಬರ ಮನೆಯ ನಡುವೆ ಒಂದು ಒಗೆಯುವ ಕಲ್ಲು ಇದೆ, ಅರ್ಧ ಅವರ ಹಿತ್ತಿಲಿನಲ್ಲಿ, ಅರ್ಧ ನನ್ನ ಹಿತ್ತಿಲಿನಲ್ಲಿ. ಅಕ್ಕ ಇದ್ದ ಕಾಲದಿಂದಲೂ ಅದು ಯಾರದು ಅನ್ನುವ ಜಗಳ. ಅವರು ಒಗೆದರೆ ನೀರು ನನ್ನ ಕಡೆಗೇ ಹರಿಯುತ್ತದೆ. ನಾನು ಒಗೆದರೆ ನೊರೆ ಅವರ ಹಪ್ಪಳಕ್ಕೆ ಹಾರುತ್ತದಂತೆ. ಊರಿನವರು ನಮ್ಮಿಬ್ಬರಿಗೆ ಹಾವು ಮುಂಗುಸಿ ಅಂತ ಹೆಸರಿಟ್ಟಿದ್ದರು.

"ಚೆಲುವಾಜಮ್ಮ, ನಿಮಗೆ ನನ್ನ ಗೋಳು ಹೊಯ್ಕೊಳ್ಳೋದು ಬಿಟ್ಟು ಬೇರೆ ಯೋಚನೆಯೇ ಇಲ್ವಾ?" ಅಂದೆ.

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ಇಲ್ಲ ಕಣಯ್ಯ. ನೀನು ಇರೋಗಂಟ ಬೇರೆ ಯೋಚನೆ ಎಲ್ಲಿಂದ ಬರ್ಬೇಕು? ಎದ್ದರೂ ನೀನೇ, ಕೂತರೂ ನೀನೇ. ಅನ್ನದ ಮುಂದೆ ಕೂತರೂ ನಿನ್ನ ಹಾಳು ಮುಖಾನೇ ಕಣ್ಣಿಗೆ ಕಟ್ಟುತ್ತೆ. ನನ್ನ ಕರ್ಮ."

ಎದ್ದರೂ ನಾನೇ, ಕೂತರೂ ನಾನೇ. ಊರೆಲ್ಲ ಹುಡುಕಿದ್ದು ಗೋಡೆಯಾಚೆಯೇ ಇತ್ತು. ನಾನು ಅಲ್ಲೇ, ಆ ಸೋಪಿನ ನೀರಿನಲ್ಲಿ ನಿಂತುಕೊಂಡೇ ಕೇಳಿಬಿಟ್ಟೆ.

"ನನಗೆ ಹಾಡು ತುಂಬಿಕೊಡ್ತೀರಾ?"

ಅವರು ಮೊದಲು ನಾನು ಕುಡಿದಿದ್ದೇನೆ ಅಂದುಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕಿದ್ದು ಮುಗಿದ ಮೇಲೆ ಕಣ್ಣು ಸಣ್ಣದು ಮಾಡಿ, "ಕಲ್ಲು?" ಅಂದರು.

"ಓಟ ಮುಗಿದ ಮೇಲೆ ಕಲ್ಲು ನಿಮ್ಮದು. ನಾನೇ ಎತ್ತಿಸಿ ನಿಮ್ಮ ಹಿತ್ತಿಲಿಗೆ ಹಾಕಿಸ್ತೀನಿ."

"ಮಾತಿಗೆ ತಪ್ಪಿದ್ರೆ?"

"ತಪ್ಪಿದ್ರೆ ಜನ್ಮ ಪೂರ್ತಿ ಬೈತಾ ಇರಿ."

"ಅದು ಹೆಂಗಿದ್ರೂ ಮಾಡೋದೇಯ," ಅಂದರು.

ಓಟದ ದಿನ ಮೈದಾನಕ್ಕೆ ಅವರು ಬಂದದ್ದು ನೋಡಿ ಸಿದ್ದವೀರಪ್ಪನವರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬೇರೆಯವರ ಹೆಂಡಿರು, ತಾಯಂದಿರು ಕಿವಿಗೆ ಹಾಡು ಹಾಕಿ ಕೆನ್ನೆ ಸವರಿ ಕಳಿಸುತ್ತಿದ್ದರು. ಚೆಲುವಾಜಮ್ಮನವರು ಬೇಲಿಯ ಗೂಟಕ್ಕೆ ಮಡಕೆ ಸಿಕ್ಕಿಸಿದ ಹಾಗೆ ನನ್ನ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, "ಹೊರಡು, ಬಿಸಿಲೇರುತ್ತೆ" ಅಂದರು.

ಹಾಡು ಶುರುವಾಯಿತು. ಬೇಕೆಂದೇ ಮಾಡಿದ್ದರು ಆ ಮಹಾತಾಯಿ. ಒಂದೂ ಒಳ್ಳೆಯ ಹಾಡು ತುಂಬಿರಲಿಲ್ಲ. ಅವರ ಶುಕ್ರವಾರದ ಭಜನೆ ಮಂಡಳಿಯದೇ ಎಲ್ಲ. ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಮುಂದಾಗಿ, ತಾಳದ ಹಂಗಿಲ್ಲದೆ ಹಾಡುವ ಗಂಟಲು ಯಾರದೆಂದು ಬೇರೆ ಹೇಳಬೇಕಿಲ್ಲ. ಗುಡ್ಡ ಹತ್ತಿದೆ, ಹಾಡಿತು. ಕೆರೆ ಏರಿ ಮುಗಿಯಿತು, ಹಾಡುತ್ತಲೇ ಇತ್ತು. ಮಧ್ಯಾಹ್ನ ಊರಿನಲ್ಲಿ ಎಲ್ಲರೂ ಮಂಡಕ್ಕಿಗೆ ಕೈ ಹಾಕುವ ಹೊತ್ತು. ನನ್ನ ಸುತ್ತ ಓಡುತ್ತಿದ್ದವರ ಮುಖ ಒಂದೊಂದಾಗಿ ಬಾಡಿತು, ಒಬ್ಬ ನಿಂತು ಹೆಡ್‌ಫೋನ್ ಅಲ್ಲಾಡಿಸಿ ನೋಡಿದ. ನನ್ನದು ನಿಲ್ಲಲಿಲ್ಲ. ಬೋಳುಬಯಲಿಗೆ ಬಂದೆ. ಕಾಲು ಬಿದ್ದುಹೋಗುವ ಹಾಗಿತ್ತು, ಸುತ್ತ ಒಂದು ಹುಳವೂ ಇಲ್ಲ, ಕಿವಿಯಲ್ಲಿ ಮಾತ್ರ ಚೆಲುವಾಜಮ್ಮನವರು ದೇವರನ್ನು ಗದರಿಸುವ ಹಾಗೆ ಭಜನೆ ಹೇಳುತ್ತಿದ್ದರು. ನನಗೆ ನಗು ಬಂತು. ಆಮೇಲೆ ಅಳು ಬಂತು. ಅಕ್ಕ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಅಳುತ್ತಲೇ ಓಡಿ ಮೊದಲ ಹತ್ತು ಜನರೊಳಗೆ ಬಂದುಬಿಟ್ಟೆ, ಜನ್ಮದಲ್ಲಿ ಮೊದಲ ಸಲ.

"ಒಂದು ಗಳಿಗೇನೂ ನಿಲ್ಲಲಿಲ್ಲ. ಏನ್ ಮಾಡ್ತಿದ್ರಿ ದಿನವೆಲ್ಲ?" ಅಂತ ಸಂಜೆ ಕೇಳಿದೆ.

"ಏನ್ ಮಾಡ್ಲಿ, ನಿನ್ನ ಬೈಕೊಂಡು ಕೂತಿದ್ದೆ. ಕಲ್ಲು ಕೊಡ್ದೆ ಎಲ್ಲಿ ಕೈ ಎತ್ತಿಬಿಡ್ತಾನೋ ಅಂತ ಒಂದು ಹಿಡಿ ಮಂಡಕ್ಕಿ ಗಂಟಲಲ್ಲಿ ಇಳೀಲಿಲ್ಲ."

ಆಡಿದ ಮಾತಿನಂತೆ ಹಾರೆ ಹಾಕಿಸಿ, ಆಳುಗಳನ್ನು ಹಚ್ಚಿ ಕಲ್ಲನ್ನು ಅವರ ಹಿತ್ತಿಲಿಗೆ ಸಾಗಿಸಿದೆ. ನನ್ನ ಕಡೆ ಒಂದು ಗುಂಡಿ ಉಳಿಯಿತು, ಅದನ್ನೂ ಮಣ್ಣು ಹಾಕಿ ಮುಚ್ಚಿದೆ. ಅಲ್ಲಿಂದ ಮುಂದೆ ನೀರು ನನ್ನ ಬಾಗಿಲಿಗೆ ಬರಲಿಲ್ಲ. ಚೆಲುವಾಜಮ್ಮನವರು ಬದಲಾದರು. ಗೋಡೆಯ ಮೇಲಿಂದ "ಊಟ ಆಯ್ತಾ ದೊರೆಸ್ವಾಮಿ?" ಅನ್ನತೊಡಗಿದರು. ಮುರಿದ ಹಪ್ಪಳಗಳನ್ನು ಕಾಗದದಲ್ಲಿ ಕಟ್ಟಿ ಕಳಿಸುತ್ತಿದ್ದರು, ಒಮ್ಮೊಮ್ಮೆ ಇಡಿಯದನ್ನೂ ಕಳಿಸುತ್ತಿದ್ದರು. ನಾನು ಹಬ್ಬಕ್ಕೆ ಎಳ್ಳುಬೆಲ್ಲ ಕೊಟ್ಟು ಬಂದೆ. ಊರಿನವರಿಗೆ ತಮಾಷೆ ತಪ್ಪಿಹೋಯಿತು. ನಾನು ಎಷ್ಟು ದಡ್ಡ ನೋಡಿ, ಸಂತೋಷಪಟ್ಟೆ. ವೈರಿಯಾಗಿದ್ದಾಗಲೇ ಅಷ್ಟು ನೆನೆಸಿಕೊಂಡವರು ಈಗ ಇನ್ನೆಷ್ಟು ನೆನೆಸಿಕೊಂಡಾರು ಅಂತ ಲೆಕ್ಕ ಹಾಕಿದೆ. ಆ ವರ್ಷವೆಲ್ಲ ಮೈಕಿನಲ್ಲಿ ಬಸ್ಸು ಕೂಗುವಾಗ ನನ್ನ ಗಂಟಲೇ ಬೇರೆಯಾಗಿತ್ತು ಅಂತ ಕಂಡಕ್ಟರ್ ಹೇಳುತ್ತಿದ್ದ.

ಮುಂದಿನ ಓಟ ಹತ್ತಿರ ಬಂದಾಗ ನಾನು ಕೇಳುವ ಮೊದಲೇ ಅವರು ಬಂದರು. "ನಿಂಗೆ ಯಾವ ಹಾಡು ಇಷ್ಟ ಹೇಳಯ್ಯ, ಅದನ್ನೇ ತುಂಬ್ತೀನಿ. ಹೋದ ಸಲ ಪಾಪ, ನಮ್ಮ ಭಜನೆ ಕೇಳ್ಕೊಂಡು ಓಡ್ದೆ." ನಾನು ನಾಚುತ್ತ ಹೇಳಿದೆ. ಮೈದಾನದಲ್ಲಿ ಅವರು ಹೆಡ್‌ಫೋನನ್ನು ಮೆಲ್ಲಗೆ ಹಾಕಿ, ಅಂಗಿಯ ಕಾಲರ್ ಸರಿಮಾಡಿ, "ಹುಷಾರು" ಅಂದರು.

ಗುಡ್ಡದ ಮೇಲೆ ಹಾಡು ಚೆನ್ನಾಗಿತ್ತು. ನನ್ನ ಇಷ್ಟದ ಹಾಡು, ಸಿಹಿಯಾದ ದನಿ, ಸರಿಯಾದ ತಾಳ. ಕೆರೆ ಏರಿಯ ಮೇಲೆ ಒಂದೆರಡು ಸಲ ತಡವರಿಸಿತು. ಸುಣ್ಣದ ಗೂಡುಗಳ ಹತ್ತಿರ ನಿಂತಿತು. ಮಂಡಕ್ಕಿ ತಿನ್ನುತ್ತಿರಬೇಕು ಅಂದುಕೊಂಡೆ. ಬಾಗಿಲಿಗೆ ಯಾರೋ ಬಂದಿರಬೇಕು ಅಂದುಕೊಂಡೆ. ಬೋಳುಬಯಲಿಗೆ ಕಾಲಿಟ್ಟೆ, ಈಗ ಬರುತ್ತದೆ ಅಂದುಕೊಂಡೆ. ನನ್ನ ಉಸಿರು, ನನ್ನ ಚಪ್ಪಟೆ ಪಾದದ ಸದ್ದು, ಅಷ್ಟೆ. ಹಿಂದೆಯೂ ಈ ಬಯಲನ್ನು ಹಾಡಿಲ್ಲದೆ ದಾಟಿದ್ದೆ. ಆಗ ನನಗೆ ಯಾರೂ ಇಲ್ಲ ಅಂತ ಗೊತ್ತಿತ್ತು, ಗೊತ್ತಿದ್ದದ್ದನ್ನು ಹೊತ್ತುಕೊಂಡು ಓಡುವುದು ಕಷ್ಟವಾಗಿರಲಿಲ್ಲ. ಈ ಸಲ ಒಂದೊಂದು ಹೆಜ್ಜೆಗೂ ಕಿವಿಗೊಟ್ಟೆ. ಎಲ್ಲರೂ ದಾಟಿಹೋದರು. ನಾನು ಊರು ಮುಟ್ಟಿದಾಗ ಮೈದಾನದ ಶಾಮಿಯಾನ ಬಿಚ್ಚುತ್ತಿದ್ದರು.

ಮನೆಗೆ ಬಂದು ಕೂತಿದ್ದೆ. ಚೆಲುವಾಜಮ್ಮನವರು ತಟ್ಟೆಯಲ್ಲಿ ಕರಿದ ಹಪ್ಪಳ ಹಿಡಿದುಕೊಂಡು ಬಂದರು, ನಗುತ್ತ.

"ಹಾಡು ಚೆನ್ನಾಗಿತ್ತಾ?"

"ಸುಣ್ಣದ ಗೂಡಿನ ಹತ್ರ ನಿಂತೋಯ್ತು," ಅಂದೆ.

ಅವರ ಕೈ ಹಣೆಗೆ ಹೋಯಿತು. "ಅಯ್ಯೋ ನನ್ನ ಬುದ್ಧಿಗಿಷ್ಟು. ಮರ್ತೇ ಹೋಯ್ತು ಕಣಯ್ಯ. ಬಿಸಿಲು ಚೆನ್ನಾಗಿತ್ತು, ಹಪ್ಪಳ ಹರವಿ ಹಂಗೇ ಗೋಡೆಗೆ ಒರಗಿದೆ. ಎಂಥ ನಿದ್ದೆ ಅಂತೀಯ, ಎಷ್ಟೋ ವರ್ಷ ಆಗಿತ್ತು ಹಂಗೆ ಮಲಗಿ. ಈಗ ನಿನ್ನಿಂದ ಏನೂ ತೊಂದರೆ ಇಲ್ವಲ್ಲ, ಮನಸ್ಸು ನಿರಾಳ."

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದರು, ನನ್ನನ್ನು ಹೊಗಳಿಯೇ ಅಂದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಹೋದ ವರ್ಷ ಒಂದು ಹಿಡಿ ಮಂಡಕ್ಕಿ ಗಂಟಲಲ್ಲಿ ಇಳಿಯದವರು ಈ ವರ್ಷ ಗೊರಕೆ ಹೊಡೆದಿದ್ದರು. ನಾಲಗೆಗೆ ಎಲುಬಿಲ್ಲ, ನನ್ನ ಬಾಯಿಂದ ಏನು ಬರುತ್ತಿದೆ ಅಂತ ಅರಿವಾಗುವ ಮೊದಲೇ ಅದು ಬಂದುಬಿಟ್ಟಿತ್ತು.

"ನಿಮ್ಮ ಯಜಮಾನ್ರು ಅದಕ್ಕೇ ತಾನೇ ಓಡೋದು ಬಿಟ್ಟಿದ್ದು. ಮಂಡಿನೋವು ಅಂತ ನಿಮಗೆ ಹೇಳಿದ್ರು. ನನ್ನ ಹತ್ರ ಬೇರೆ ಹೇಳಿದ್ರು. ಅವರ ಹಾಡು ಬಯಲು ಮುಟ್ಟೋ ಮೊದಲೇ ನಿಲ್ತಿತ್ತಂತೆ, ವರ್ಷಾವರ್ಷ. ನಾಚ್ಕೆಗೆ ಬಿಟ್ರಂತೆ."

ಮಂಡಿನೋವೊಂದು ಬಿಟ್ಟರೆ ಇದರಲ್ಲಿ ಒಂದು ಅಕ್ಷರವೂ ನಿಜವಲ್ಲ. ಅವರ ಗಂಡ ನನ್ನ ಹತ್ತಿರ ಬಸ್ಸಿನ ಹೊತ್ತು ಬಿಟ್ಟರೆ ಬೇರೇನನ್ನೂ ಕೇಳಿದವರಲ್ಲ. ಚೆಲುವಾಜಮ್ಮನವರು ಬೈಯುತ್ತಾರೆ, ತಟ್ಟೆ ಎಸೆಯುತ್ತಾರೆ ಅಂತ ಕಾದೆ. ಅವರು ತಟ್ಟೆಯನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆಚೆ ಮನೆಯ ಚಿಲಕ ಹಾಕಿದ ಸದ್ದಾಯಿತು.

ಹಪ್ಪಳ ಮುಟ್ಟುವ ಮನಸ್ಸಾಗಲಿಲ್ಲ. ಹೆಡ್‌ಫೋನ್ ಇನ್ನೂ ನನ್ನ ಕುತ್ತಿಗೆಗೇ ಜೋತುಬಿದ್ದಿತ್ತು. ಓಟ ಮುಗಿದಿತ್ತು, ಹಾಕಿಕೊಳ್ಳುವುದು ಮರ್ಯಾದೆಯಲ್ಲ. ಹಾಕಿಕೊಂಡೆ.

ಹಾಡು ಕೇಳುತ್ತಿತ್ತು. ಗುಡ್ಡದ ಮೇಲೆ ಕೇಳಿದ್ದಕ್ಕಿಂತ ಗಟ್ಟಿಯಾಗಿ, ಒಂದಿಷ್ಟೂ ತಡವರಿಸದೆ. ಒಂದು ಮುಗಿದು ಇನ್ನೊಂದು ಶುರುವಾಯಿತು. ನನಗೆ ಬೇಕಾದದ್ದು ಇದೇ ತಾನೇ? ಗೋಡೆಯಾಚೆ ಒಬ್ಬರು ದೀಪ ಹಚ್ಚದೆ ಕೂತು ನನ್ನನ್ನೇ ನೆನೆಸಿಕೊಳ್ಳುತ್ತಿದ್ದರು. ಈ ಮಾತನ್ನು ಹೀಗೇ ಬಿಟ್ಟರೆ ನಾನು ಸಾಯುವ ತನಕ ನನ್ನ ಕಿವಿ ಖಾಲಿಯಿರುವುದಿಲ್ಲ, ಮುಂದಿನ ವರ್ಷ ಬೋಳುಬಯಲನ್ನು ನಗುತ್ತ ದಾಟಬಹುದು ಅಂತಲೂ ಹೊಳೆಯಿತು. ಹಾಗೆ ಹೊಳೆದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಇನ್ನೊಂದು ಹಾಡು ಮುಗಿಯಲಿ ಅಂತ ಕೂತೆ. ಅದು ಮುಗಿಯಿತು, ಇನ್ನೊಂದು ಅಂತ ಕೂತೆ. ಎಂಥ ಚೆನ್ನಾದ ಹಾಡುಗಳು. ನಾನೇ ಹೇಳಿ ತುಂಬಿಸಿಕೊಂಡವು.

ಕೊನೆಗೆ ಎದ್ದು ಹೋಗಿ ಅವರ ಬಾಗಿಲು ಬಡಿದೆ. ಹೆಡ್‌ಫೋನ್ ತೆಗೆಯುವುದು ಮರೆತಿತ್ತೋ, ತೆಗೆಯಲು ಮನಸ್ಸಿರಲಿಲ್ಲವೋ, ಒಂದು ಕಿವಿಯಿಂದ ಮಾತ್ರ ಸರಿಸಿದ್ದೆ. ಬಹಳ ಹೊತ್ತಿನ ಮೇಲೆ ಚಿಲಕ ತೆಗೆದರು. ಕಣ್ಣು ಕೆಂಪಗಾಗಿತ್ತು.

"ಅದು ಸುಳ್ಳು ಚೆಲುವಾಜಮ್ಮ," ಅಂದೆ. "ನಿಮ್ಮ ಯಜಮಾನ್ರು ನನ್ನ ಹತ್ರ ಏನೂ ಹೇಳಿಲ್ಲ. ಹೊಟ್ಟೆಕಿಚ್ಚಿಗೆ ಅಂದೆ."

"ನಂಗೊತ್ತು," ಅಂದರು. "ಅವರ ಮಂಡಿಗೆ ಎಣ್ಣೆ ತಿಕ್ಕಿದೋಳು ನಾನು. ಊದ್ಕೊಂಡು ತೆಂಗಿನಕಾಯಿ ಆಗೋದು. ಆದ್ರೂ ನೀನು ಅಂದಾಗ, ಇದ್ರೂ ಇರಬಹುದೇನೋ ಅನ್ನಿಸ್ಬಿಡ್ತು ನೋಡು."

"ಇಲ್ಲ. ನನ್ನಾಣೆಗೂ ಇಲ್ಲ. ತಪ್ಪಾಯ್ತು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಕಾಲಿನ ಧೂಳನ್ನೂ ನೋಡಿದರು.

"ಹೋಗ್ಲಿ ಬಿಡು. ಓಡಿ ಓಡಿ ತಲೆ ಕೆಟ್ಟಿರುತ್ತೆ ನಿಂಗೆ. ಕಾಲಿಗೆ ಬಿಸಿನೀರು ಹುಯ್ಕೊಂಡು ಮಲಕ್ಕೊ. ನಂಗೂ ಹಪ್ಪಳ ಎತ್ತಿಡೋದಿದೆ," ಅಂದರು, ಬಾಗಿಲು ಮುಂದೆ ಮಾಡಿಕೊಂಡರು.

ಅವರ ಮೆಟ್ಟಿಲು ಇಳಿಯುವಾಗ ಕಿವಿಯಲ್ಲಿ ಹಾಡು ಇತ್ತು. ನಾನು ನಿಧಾನವಾಗಿ ನಡೆದೆ, ಎರಡು ಮನೆಗಳ ನಡುವೆ ಎಷ್ಟು ನಿಧಾನವಾಗಿ ನಡೆಯಬಹುದೋ ಅಷ್ಟು. ನನ್ನ ಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಅದು ನಿಂತಿತು. ಅಷ್ಟು ಬೇಗ ಕ್ಷಮಿಸಿಬಿಟ್ಟಿದ್ದರು ಚೆಲುವಾಜಮ್ಮನವರು.